ಸೇನೆಗೆ ನರ್ಸಿಂಗ್ ಅಸಿಸ್ಟೆಂಟ್ ಆಗಿ ಸೇರಬೇಕು ಅಂತಿದ್ದೀನಿ, ದಾರಿ ಗೊತ್ತಿರೋರು ಹೇಳಿ

ಕೆಂಗೇರಿ ಹುಡುಗ

ಎಲ್ಲರಿಗೂ ನಮಸ್ಕಾರ. ಈ ವರ್ಷ ಸೆಕೆಂಡ್ ಪಿಯುಸಿ ಮುಗಿಸಿದೆ, ಪಿಸಿಎಂಬಿ. ನೀಟ್ ಬರೆದೆ, ಸೀಟು ಸಿಗೋ ಅಂಕ ಬರಲಿಲ್ಲ. ಅಪ್ಪ ಆಟೋ ಓಡಿಸ್ತಾರೆ, ಅಮ್ಮ ಗಾರ್ಮೆಂಟ್ಸ್‌ಗೆ ಹೋಗ್ತಾರೆ. ಇನ್ನೊಂದು ವರ್ಷ ಕೋಚಿಂಗ್‌ಗೆ ದುಡ್ಡು ಕೊಡಿ ಅಂತ ಅವರನ್ನ ಕೇಳೋಕೆ ಬಾಯಿ ಬರ್ತಿಲ್ಲ.

ಹೋದ ವರ್ಷ ಮೈಸೂರು ರಸ್ತೆಯಲ್ಲಿ ನನ್ನ ಕಣ್ಣೆದುರೇ ಒಂದು ಬೈಕ್ ಅಪಘಾತ ಆಯ್ತು. ಬಿದ್ದವರ ತೊಡೆಯಿಂದ ರಕ್ತ ಸುರೀತಿತ್ತು. ಸುತ್ತ ಜನ ಸೇರಿದ್ರು, ಏನು ಮಾಡಬೇಕು ಅಂತ ಒಬ್ಬರಿಗೂ ಗೊತ್ತಿರಲಿಲ್ಲ, ನನಗೂ. ಬಸ್ಸಿನಿಂದ ಇಳಿದು ಬಂದ ಒಬ್ಬರು ತಮ್ಮ ಟವೆಲ್ ಮಡಚಿ ಗಾಯದ ಮೇಲೆ ಒತ್ತಿದ್ರು. ಆಮೇಲೆ ನನ್ನ ಎರಡೂ ಕೈ ಹಿಡಿದು ಅದರ ಮೇಲಿಟ್ಟು, "ಆಂಬುಲೆನ್ಸ್ ಬರೋವರೆಗೂ ತೆಗೀಬೇಡ" ಅಂದ್ರು. ನಾನು ತೆಗೀಲಿಲ್ಲ. ಅವರು ಆರ್ಮಿ ಮೆಡಿಕಲ್ ಕೋರ್‌ನವರು, ರಜೆಗೆ ಊರಿಗೆ ಹೊರಟಿದ್ರು ಅಂತ ಆಮೇಲೆ ತಿಳೀತು. ಆ ದಿನದಿಂದ ಇದೇ ತಲೆಯಲ್ಲಿ ಕೂತಿದೆ.

ಇದೂ ಅಗ್ನಿವೀರ್ ಥರ ನಾಲ್ಕು ವರ್ಷದ್ದಾ? ಟ್ರೈನಿಂಗ್ ಎಲ್ಲಿ? ನನಗೆ ಹಿಂದಿ ಸರಿಯಾಗಿ ಬರಲ್ಲ, ಅದಕ್ಕೇನು ಮಾಡೋದು?

ವಿದ್ಯಾರಣ್ಯಪುರ ಹವಲ್ದಾರ್

ತಮ್ಮಾ, ನಾನು ಆರ್ಮಿ ಮೆಡಿಕಲ್ ಕೋರ್‌ನಲ್ಲೇ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದು ಹವಲ್ದಾರ್ ಆಗಿ ನಿವೃತ್ತಿಯಾದೋನು. ನೀನು ಟವೆಲ್ ಒತ್ತಿ ಹಿಡ್ಕೊಂಡೆ ಅಂತ ಓದಿ ಬಹಳ ಸಂತೋಷವಾಯ್ತು. ಈ ಕೆಲಸದ ಮೊದಲ ಪಾಠ ಅದೇ.

ಮೊದಲು ನಿನ್ನ ದೊಡ್ಡ ಅನುಮಾನ. 2022ರಲ್ಲಿ ಅಗ್ನಿಪಥ್ ಬಂದ ಮೇಲೆ ಜನರಲ್ ಡ್ಯೂಟಿ, ಟೆಕ್ನಿಕಲ್, ಕ್ಲರ್ಕ್, ಟ್ರೇಡ್ಸ್‌ಮನ್ ಎಲ್ಲ ಅಗ್ನಿವೀರ್ ಆದವು. ಆದರೆ ಸೋಲ್ಜರ್ ಟೆಕ್ನಿಕಲ್ ನರ್ಸಿಂಗ್ ಅಸಿಸ್ಟೆಂಟ್ ಮತ್ತು ಸಿಪಾಯಿ ಫಾರ್ಮಾ (ಔಷಧ ವಿಭಾಗದ ಸಿಪಾಯಿ) ಇವೆರಡನ್ನೂ ನಾಲ್ಕು ವರ್ಷದ ಮಿತಿ ಇಲ್ಲದೆ ರೆಗ್ಯುಲರ್ ಆಗಿಯೇ ತಗೋತಿದ್ದಾರೆ. ಅಂದ್ರೆ ಸಂಬಳ ಪೇ ಲೆವೆಲ್ 3ರಲ್ಲಿ, ಮೂಲ ವೇತನ 21,700 ರೂಪಾಯಿಯಿಂದ ಶುರು. ಅದರ ಮೇಲೆ ಮಿಲಿಟರಿ ಸರ್ವಿಸ್ ಪೇ 5,200, ಡಿಎ ಬೇರೆ. 15 ವರ್ಷ ಸರ್ವಿಸ್ ಆದ್ರೆ ಪಿಂಚಣಿಗೆ ಅರ್ಹತೆ ಬರುತ್ತೆ.

ವಯಸ್ಸು ಹದಿನೇಳೂವರೆಯಿಂದ 23. ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ, ಇಂಗ್ಲಿಷ್ ಇರಬೇಕು. ಒಟ್ಟು 50 ಪರ್ಸೆಂಟ್, ಒಂದೊಂದು ವಿಷಯದಲ್ಲೂ ಕನಿಷ್ಠ 40. ನಮ್ಮ ಹುಡುಗರು ಎಡವೋದು ಇಲ್ಲೇ. ಫಿಸಿಕ್ಸ್‌ನಲ್ಲಿ 37 ತೆಗೆದು ಪಾಸ್ ಆಗಿರ್ತಾರೆ, ಒಟ್ಟು 70 ಪರ್ಸೆಂಟ್ ಇರುತ್ತೆ, ಅರ್ಜಿ ಹಾಕೋಕೆ ಕೂತಾಗಲೇ ಗೊತ್ತಾಗೋದು ಆ 37 ಸಾಲಲ್ಲ ಅಂತ. ನಿನ್ನ ಮಾರ್ಕ್ಸ್ ಕಾರ್ಡ್ ತೆಗೆದು ನೋಡು.

ಹಿಂದಿ ಬಗ್ಗೆ ಆಮೇಲೆ ಹೇಳ್ತೀನಿ. ಅದು ಅಂಜೋ ವಿಷಯ ಅಲ್ಲ.

ಕೆಂಗೇರಿ ಹುಡುಗ

ಸರ್, ತುಂಬಾ ಥ್ಯಾಂಕ್ಸ್. ಫಿಸಿಕ್ಸ್ 52, ಕೆಮಿಸ್ಟ್ರಿ 61, ಬಯಾಲಜಿ 83, ಇಂಗ್ಲಿಷ್ 70. ಹಾಗಾದ್ರೆ ಅರ್ಜಿ ಹಾಕಬಹುದು ಅಲ್ವಾ? ಇಲ್ಲೇ ಹತ್ತಿರದಲ್ಲಿ ಒಬ್ಬರು "ಮೆಡಿಕಲ್ ನಾನು ನೋಡ್ಕೋತೀನಿ, ಅರವತ್ತು ಸಾವಿರ ಆಗುತ್ತೆ" ಅಂತ ಅಪ್ಪನ ಹತ್ರ ಹೇಳಿದ್ದಾರಂತೆ. ಅಪ್ಪ ಚೀಟಿ ದುಡ್ಡು ಎತ್ತೋಕೆ ಹೊರಟಿದ್ದಾರೆ.

ವಿದ್ಯಾರಣ್ಯಪುರ ಹವಲ್ದಾರ್

ಅಪ್ಪನ ಕೈ ಹಿಡಿದು ನಿಲ್ಲಿಸು. ಇವತ್ತೇ. ಆನ್‌ಲೈನ್ ಪರೀಕ್ಷೆಯ ಶುಲ್ಕ ಒಂದು ಬಿಟ್ರೆ ಸೇನೆಗೆ ಸೇರೋಕೆ ಯಾರಿಗೂ ಒಂದು ಪೈಸೆ ಕೊಡೋದಿಲ್ಲ. ಆ ಶುಲ್ಕದಲ್ಲೂ ಅರ್ಧ ಸೇನೆಯೇ ಭರಿಸುತ್ತೆ. ಈ ದಲ್ಲಾಳಿಗಳ ಆಟ ನಾನು ಕಂಡಿದ್ದೀನಿ. ಹತ್ತು ಹುಡುಗರ ಹತ್ರ ದುಡ್ಡು ತಗೋತಾರೆ, ಅದರಲ್ಲಿ ಮೂರು ಜನ ತಮ್ಮ ಸ್ವಂತ ಶಕ್ತಿಯಿಂದಲೇ ಪಾಸ್ ಆಗ್ತಾರೆ, ಅವರ ದುಡ್ಡು ಇಟ್ಕೋತಾರೆ, ಉಳಿದವರಿಗೆ "ಮುಂದಿನ ಸಲ ನೋಡೋಣ" ಅಂತಾರೆ. ನಿಮ್ಮಪ್ಪ ಬೆವರು ಸುರಿಸಿದ ದುಡ್ಡು ಅದು. ಅನುಮಾನ ಇದ್ರೆ ಫೀಲ್ಡ್ ಮಾರ್ಷಲ್ ಕಾರಿಯಪ್ಪ ರಸ್ತೆಯಲ್ಲಿರೋ ನೇಮಕಾತಿ ಕಚೇರಿಗೆ ಅಪ್ಪನನ್ನೇ ಕರ್ಕೊಂಡು ಹೋಗು. ಅಧಿಸೂಚನೆ, ಅರ್ಜಿ, ಅಡ್ಮಿಟ್ ಕಾರ್ಡ್ ಎಲ್ಲ ಜಾಯಿನ್ ಇಂಡಿಯನ್ ಆರ್ಮಿ ಜಾಲತಾಣದಲ್ಲೇ ಬರುತ್ತೆ, ಬೇರೆಲ್ಲೂ ಅಲ್ಲ.

ನಾಡಕಚೇರಿ ಅಲೆದವನು

ಸರ್ ಹೇಳಿದ್ದಕ್ಕೆ ಒಂದು ಮಾತು ಸೇರಿಸ್ತೀನಿ. ನಾನು ಎರಡು ವರ್ಷದ ಹಿಂದೆ ಓಟ ಪಾಸ್ ಮಾಡಿ, ದಾಖಲೆ ಪರಿಶೀಲನೆಯಲ್ಲಿ ಕೂತು ಅತ್ತವನು. ಕಾರಣ ನನ್ನ ಹೆಸರು. ಎಸ್ಸೆಸ್ಸೆಲ್ಸಿ ಕಾರ್ಡ್‌ನಲ್ಲಿ ಹೆಸರಿನ ಹಿಂದೆ ಎರಡು ಇನಿಷಿಯಲ್. ಆಧಾರ್‌ನಲ್ಲಿ ಒಂದೇ ಇನಿಷಿಯಲ್, ಅದೂ ಹೆಸರಿನ ಮುಂದೆ. ಪಿಯುಸಿ ಕಾರ್ಡ್‌ನಲ್ಲಿ ಹೆಸರಿನ ಕೊನೆಗೆ ಇಂಗ್ಲಿಷ್‌ನ ಒಂದು 'ಎ' ಜಾಸ್ತಿ. ಅಪ್ಪನ ಹೆಸರಿಗೆ ಒಂದು ಕಡೆ 'ಗೌಡ' ಇದೆ, ಇನ್ನೊಂದು ಕಡೆ ಇಲ್ಲ. ಮನೆಯಲ್ಲಿ ಯಾರಿಗೂ ಇದು ತಪ್ಪು ಅಂತಲೇ ಅನಿಸಿರಲಿಲ್ಲ. ಅಲ್ಲಿ ನಾನು ಮೂರು ಬೇರೆ ಬೇರೆ ಮನುಷ್ಯ ಆಗಿಬಿಟ್ಟಿದ್ದೆ.

ಈಗಲೇ ಎಲ್ಲ ಕಾರ್ಡ್ ಮಂಚದ ಮೇಲೆ ಹರಡಿ ಅಕ್ಷರ ಅಕ್ಷರ ಹೋಲಿಸಿ ನೋಡಿ. ಆಧಾರ್ ತಿದ್ದಿಸೋದು ಸುಲಭ, ಹಾಗಾಗಿ ಎಸ್ಸೆಸ್ಸೆಲ್ಸಿ ಕಾರ್ಡ್ ಹೇಗಿದೆಯೋ ಹಾಗೆ ಆಧಾರ್ ಮಾಡಿಸಿ. ವಾಸಸ್ಥಳ ಮತ್ತು ಜಾತಿ ಪ್ರಮಾಣಪತ್ರ ನಾಡಕಚೇರಿಯಿಂದ. ನಡತೆ ಪ್ರಮಾಣಪತ್ರ, ಅವಿವಾಹಿತ ಅನ್ನೋ ಪ್ರಮಾಣಪತ್ರ, ಸ್ಟ್ಯಾಂಪ್ ಪೇಪರ್ ಮೇಲಿನ ಅಫಿಡವಿಟ್, ಒಂದೇ ಥರದ ಫೋಟೋ ಒಂದು ಕಟ್ಟು. ರ್‍ಯಾಲಿಗೆ ವಾರ ಇದ್ದಾಗ ಓಡಾಡಿದ್ರೆ ಆಗಲ್ಲ. ನನ್ನ ವಯಸ್ಸು ಆಮೇಲೆ ದಾಟಿಹೋಯ್ತು, ಅದಕ್ಕೇ ಇಷ್ಟು ಉದ್ದ ಬರೆದೆ.

ಬಯಾಲಜಿ ಮೇಡಂ

ನಾನು ಪಿಯು ಕಾಲೇಜಿನಲ್ಲಿ ಪಾಠ ಮಾಡ್ತೀನಿ, ನನ್ನ ಇಬ್ಬರು ಶಿಷ್ಯರು ಈ ಪರೀಕ್ಷೆ ಬರೆದು ಆಯ್ಕೆಯಾಗಿದ್ದಾರೆ. ಈಗ ಆನ್‌ಲೈನ್ ಪರೀಕ್ಷೆ ಮೊದಲು, ಓಟ ಆಮೇಲೆ. 50 ಪ್ರಶ್ನೆ, 200 ಅಂಕ, ತಪ್ಪು ಉತ್ತರಕ್ಕೆ ಕಾಲು ಭಾಗ ಕಡಿತ. 2025ರಿಂದ ಕನ್ನಡದಲ್ಲೂ ಬರೆಯಬಹುದು, ಒಟ್ಟು 13 ಭಾಷೆಗಳಿವೆ. ಆದರೆ ಇಂಗ್ಲಿಷ್ ಮಾಧ್ಯಮದಲ್ಲಿ ವಿಜ್ಞಾನ ಓದಿದ ಮಕ್ಕಳಿಗೆ ಪಾರಿಭಾಷಿಕ ಪದಗಳು ಕನ್ನಡದಲ್ಲಿ ಹೊಸದಾಗಿ ಕಾಣುತ್ತವೆ. ಯಾವ ಭಾಷೆಯಲ್ಲಿ ಓದಿದ್ದೀಯೋ ಅದನ್ನೇ ಆರಿಸಿಕೋ ಮಗಾ.

ಬಯಾಲಜಿ, ಕೆಮಿಸ್ಟ್ರಿಗೇ ಹೆಚ್ಚು ತೂಕ. ನೀಟ್‌ಗೆ ಓದಿದ್ದೀಯಲ್ಲ, ಆ ವರ್ಷ ವ್ಯರ್ಥವಾಗಿಲ್ಲ. ರಕ್ತ ಪರಿಚಲನೆ, ಉಸಿರಾಟ, ವಿಸರ್ಜನೆ, ಸೂಕ್ಷ್ಮಜೀವಿ, ವಿಟಮಿನ್ ಇವನ್ನು ಬಾಯಿಪಾಠ ಮಾಡಬೇಡ. ಹೃದಯದ ಚಿತ್ರ ಪುಸ್ತಕ ಮುಚ್ಚಿ ಬರೆಯೋಕೆ ಬಂದರೆ ಅರ್ಧ ಪಾಠ ಬಂದ ಹಾಗೆ.

ಹೊಸಕೋಟೆ ಓಟಗಾರ

ಓಟ 1.6 ಕಿಲೋಮೀಟರ್. ಐದೂವರೆ ನಿಮಿಷದೊಳಗೆ ಮುಗಿಸೋದನ್ನೇ ಗುರಿ ಇಟ್ಕೊಳ್ಳಿ. ಆಮೇಲೆ ಬೀಮ್‌ಗೆ ಜೋತು ಬಿದ್ದು ಪುಲ್ ಅಪ್, ಒಂಬತ್ತು ಅಡಿ ಹಳ್ಳ ಹಾರೋದು, ಝಿಗ್‌ಝ್ಯಾಗ್ ಬೀಮ್ ಮೇಲೆ ನಡೆಯೋದು. ಟಾರ್ ರಸ್ತೆಯಲ್ಲಿ ಓಡಬೇಡಿ, ಮೊಣಕಾಲ ಕೆಳಗಿನ ಮೂಳೆ ನೋವು ಬಂದ್ರೆ ಎರಡು ತಿಂಗಳು ಕೂರಬೇಕಾಗುತ್ತೆ. ನಾನು ಕೂತೆ. ಮಣ್ಣಿನ ಟ್ರ್ಯಾಕ್ ಹುಡುಕಿ.

ಮೆಡಿಕಲ್‌ಗೆ ಹೋಗೋ ಮೊದಲು ಕಿವಿಯ ಗುಗ್ಗೆ ತೆಗೆಸಿ, ಹಲ್ಲಿನ ಪಾಚಿ ಕ್ಲೀನ್ ಮಾಡಿಸಿ. ಅಧಿಸೂಚನೆಯಲ್ಲೇ ಬರೆದಿರುತ್ತೆ, ಯಾರೂ ಓದಲ್ಲ. ಎದೆ ಉಸಿರು ತುಂಬಿದಾಗ 5 ಸೆಂಟಿಮೀಟರ್ ಹಿಗ್ಗಬೇಕು. ಚಪ್ಪಟೆ ಪಾದ, ಮೊಣಕಾಲು ತಾಗೋದು, ಬಣ್ಣ ಗುರುತಿಸೋದು, ಕಾಲಿನ ನರ ಉಬ್ಬಿರೋದು ಎಲ್ಲ ನೋಡ್ತಾರೆ. ಮುಂಗೈ ಮೇಲೆ ಟ್ಯಾಟೂ ಹಾಕಿಸಿಕೊಳ್ಳೋ ಆಸೆ ಇದ್ರೆ ಈಗ ಬೇಡ.

ನೀಲಿ ದುಪಟ್ಟಾ

ನಾನು ಹುಡುಗಿ, ಯಲಹಂಕ. ಇದೇ ಕೆಲಸ ನನಗೂ ಮಾಡಬೇಕು ಅಂತ ಆಸೆ. ನನಗೆ ದಾರಿ ಇದೆಯಾ?

ಬಯಾಲಜಿ ಮೇಡಂ

ಇದೆ ಕಣಮ್ಮಾ. ಸೇನೆಯ ನರ್ಸಿಂಗ್ ಅಸಿಸ್ಟೆಂಟ್ ನೇಮಕಾತಿ ಗಂಡುಮಕ್ಕಳಿಗೆ ಮಾತ್ರ. ಆದರೆ ಮಿಲಿಟರಿ ನರ್ಸಿಂಗ್ ಸರ್ವಿಸ್ ಇದೆ, ಅದು ಅಧಿಕಾರಿ ದರ್ಜೆ. ನೀಟ್ ಅಂಕದ ಮೇಲೆ ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್‌ಗೆ ತಗೋತಾರೆ. ಸೇನಾಪಡೆಗಳ ಆರು ನರ್ಸಿಂಗ್ ಕಾಲೇಜುಗಳಲ್ಲಿ ಒಂದು ನಮ್ಮ ಬೆಂಗಳೂರಿನ ಏರ್‌ಫೋರ್ಸ್ ಕಮಾಂಡ್ ಆಸ್ಪತ್ರೆಯಲ್ಲೇ, ಹಳೇ ಏರ್‌ಪೋರ್ಟ್ ರಸ್ತೆ ಕಡೆ. ಓದು ಮುಗಿಸಿ ಹೊರಬಂದಾಗ ಭುಜದ ಮೇಲೆ ಲೆಫ್ಟಿನೆಂಟ್ ನಕ್ಷತ್ರ ಇರುತ್ತೆ. ನೀಟ್ ಗಂಭೀರವಾಗಿ ತಗೋ.

ಜಾಲಹಳ್ಳಿ ಏರ್‌ಮನ್

ನಮಸ್ಕಾರ್ರೀ ಎಲ್ಲಾರಿಗೂ. ನಾ ಧಾರವಾಡದಾವ, ವಾಯುಪಡೆಯೊಳಗ ಮೆಡಿಕಲ್ ಅಸಿಸ್ಟೆಂಟ್ ಇದ್ದೆ, ಈಗ ಜಾಲಹಳ್ಳಿಯೊಳಗ ಮನಿ ಮಾಡೇನಿ. ಸೇನೆ ಒಂದs ಅಲ್ಲ ತಮ್ಮಾ, ವಾಯುಪಡೆನೂ ನೋಡು. ಏರ್‌ಮನ್ ಗ್ರೂಪ್ ವೈ, ಮೆಡಿಕಲ್ ಅಸಿಸ್ಟೆಂಟ್ ಟ್ರೇಡ್. ಅದನ್ನೂ ರೆಗ್ಯುಲರ್ ಆಗೇ ತಗೊಳ್ಳಾಕತ್ತಾರ. ಇಂಗ್ಲಿಷ್‌ನ್ಯಾಗ 50 ಪರ್ಸೆಂಟ್ ಬೇಕಾಗ್ತದ, ನಿನಗ ಅದಾವಲ್ಲ. ಮೊದಲ ಟ್ರೈನಿಂಗ್ ನಮ್ಮ ಬೆಳಗಾವಿಯೊಳಗ, ಆಮ್ಯಾಲ ಟ್ರೇಡ್ ಕಲಿಯೂದು ಬೆಂಗಳೂರಿನ ಮೆಡಿಕಲ್ ಟ್ರೈನಿಂಗ್ ಸೆಂಟರ್‌ನ್ಯಾಗ. ನೌಕಾಪಡೆಗೂ ಮೆಡಿಕಲ್ ಅಸಿಸ್ಟೆಂಟ್ ಬೇಕಾಗ್ತಾರ. ಅವರು ಮೊದಲು ಒಡಿಶಾದ ಐಎನ್ಎಸ್ ಚಿಲ್ಕಾಕ್ಕ ಹೋಗ್ತಾರ. ಮೂರಕ್ಕೂ ಅರ್ಜಿ ಹಾಕು, ಯಾವುದು ಕೈ ಹಿಡೀತದೋ ಹೋಗು.

ಕೆಂಗೇರಿ ಹುಡುಗ

ಎಲ್ಲರಿಗೂ ಏನು ಹೇಳಲಿ ಗೊತ್ತಾಗ್ತಿಲ್ಲ. ಅಪ್ಪನಿಗೆ ಈ ಪುಟ ಪೂರ್ತಿ ಓದಿ ಹೇಳಿದೆ, ಚೀಟಿ ಎತ್ತಲಿಲ್ಲ. ಒಂದು ಪ್ರಶ್ನೆ ಮನೆಯಲ್ಲಿ ಕೇಳೋಕೆ ಆಗಲ್ಲ, ಇಲ್ಲಿ ಕೇಳ್ತೀನಿ. ಆ ಅಪಘಾತ ಆದ ರಾತ್ರಿ ನನಗೆ ವಾಂತಿ ಆಯ್ತು, ಎರಡು ದಿನ ಊಟ ಸೇರಲಿಲ್ಲ. ರಕ್ತ ನೋಡಿದ್ರೆ ಹೀಗಾಗೋನು ಈ ಕೆಲಸಕ್ಕೆ ಲಾಯಕ್ಕಾ? ಮತ್ತೆ, ನರ್ಸಿಂಗ್ ಅಸಿಸ್ಟೆಂಟ್‌ಗೂ ಗನ್ ಕೊಡ್ತಾರಾ?

108ರ ಅಕ್ಕ

ನಾನು 108 ಆಂಬುಲೆನ್ಸ್‌ನಲ್ಲಿ ಇಎಂಟಿ, ಅಂದ್ರೆ ಗಾಡಿಯಲ್ಲೇ ತುರ್ತು ಚಿಕಿತ್ಸೆ ಕೊಡೋಳು. ನನ್ನ ಮೊದಲ ತಿಂಗಳಲ್ಲಿ ನೆಲಮಂಗಲ ರಸ್ತೆಯ ಒಂದು ಕೇಸ್ ಆದಮೇಲೆ ನಾನೂ ಗಾಡಿ ಹಿಂದೆ ಹೋಗಿ ವಾಂತಿ ಮಾಡಿದ್ದೆ. ನೀನು ಕೈ ತೆಗೆದಿದ್ದು ಆಂಬುಲೆನ್ಸ್ ಬಂದ ಮೇಲೆ, ವಾಂತಿ ಆಗಿದ್ದು ರಾತ್ರಿ. ಕ್ರಮ ಸರಿಯಾಗೇ ಇದೆ ತಮ್ಮಾ. ಕೈ ಕೆಲಸದಲ್ಲಿರೋವಾಗ ಹೊಟ್ಟೆ ಸುಮ್ಮನಿರುತ್ತೆ. ಕೆಲಸ ಮುಗಿದ ಮೇಲೆ ಯಾರ ಹತ್ರ ಆದ್ರೂ ಮಾತಾಡು, ಒಳಗೇ ಇಟ್ಕೋಬೇಡ. ಅದನ್ನ ನಾನು ಬಹಳ ತಡವಾಗಿ ಕಲಿತೆ.

ವಿದ್ಯಾರಣ್ಯಪುರ ಹವಲ್ದಾರ್

ಗನ್ ಕೊಡ್ತಾರೆ. ಮೊದಲು ನೀನು ಸಿಪಾಯಿ, ಆಮೇಲೆ ನರ್ಸಿಂಗ್. 1949ರ ಜಿನೀವಾ ಒಪ್ಪಂದದ ಪ್ರಕಾರ ವೈದ್ಯಕೀಯ ಸಿಬ್ಬಂದಿ ಮೇಲೆ ದಾಳಿ ಮಾಡೋ ಹಾಗಿಲ್ಲ. ನಮ್ಮ ಹತ್ರ ಇರೋ ಆಯುಧ ನಮ್ಮನ್ನೂ ನಮ್ಮ ಗಾಯಾಳುಗಳನ್ನೂ ಕಾಪಾಡೋಕೆ ಮಾತ್ರ. ಅದೇ ಒಪ್ಪಂದ ಇನ್ನೊಂದು ಹೊಣೆ ಹೊರಿಸುತ್ತೆ: ಗಾಯಗೊಂಡು ಬಿದ್ದವನು ಶತ್ರುವಾದರೂ ಚಿಕಿತ್ಸೆ ಕೊಡಬೇಕು, ಯಾರಿಗೆ ಮೊದಲು ಅನ್ನೋದನ್ನ ಗಾಯ ಹೇಳಬೇಕು, ಸಮವಸ್ತ್ರ ಅಲ್ಲ.

ಟ್ರೈನಿಂಗ್ ಲಖನೌದ ಎಎಂಸಿ (ಆರ್ಮಿ ಮೆಡಿಕಲ್ ಕೋರ್) ಸೆಂಟರ್ ಅಂಡ್ ಕಾಲೇಜ್‌ನಲ್ಲಿ. ಮೊದಲ ಭಾಗ ಪೂರ್ತಿ ಮಿಲಿಟರಿ ಟ್ರೈನಿಂಗ್. ನೀನು ಅಲ್ಲಿ ರಂಗ್ರೂಟ್, ಕಲಿಸೋರು ಉಸ್ತಾದ್. ಬೆಳಕು ಹರಿಯೋ ಮೊದಲು ಫಾಲ್ ಇನ್, ಪಿಟಿ, ಡ್ರಿಲ್, ಫೈರಿಂಗ್. ತಪ್ಪು ಮಾಡಿದ್ರೆ ರಗಡಾ, ಅಂದ್ರೆ ಮೈ ದಂಡಿಸೋ ಶಿಕ್ಷೆ, ಒಬ್ಬ ಮಾಡಿದ್ರೂ ಎಲ್ಲರಿಗೂ. ಹಿಂದಿ ಬರಲ್ಲ ಅಂದ್ಯಲ್ಲ, ನನಗೂ 'ಸಾವಧಾನ್', 'ವಿಶ್ರಾಮ್' ಎರಡೇ ಬರ್ತಿತ್ತು. ನನ್ನ ಪಕ್ಕದ ಮಂಚದವನು ತಮಿಳುನಾಡಿನವನು, ಅವನಿಗೆ ಅದೂ ಬರ್ತಿರಲಿಲ್ಲ. ಮೂರು ತಿಂಗಳಲ್ಲಿ ಇಬ್ಬರೂ ಹಿಂದಿಯಲ್ಲಿ ಜಗಳ ಆಡ್ತಿದ್ವಿ. ಕಿವಿಗೆ ಬಿದ್ದದ್ದನ್ನ ನಾಚಿಕೆ ಬಿಟ್ಟು ಬಾಯಲ್ಲಿ ಆಡು, ಬಂದುಬಿಡುತ್ತೆ.

ಆಮೇಲೆ ಟೆಕ್ನಿಕಲ್ ಟ್ರೈನಿಂಗ್. ಅಂಗರಚನೆ, ಔಷಧ, ಇಂಜೆಕ್ಷನ್, ಡ್ರಿಪ್, ಬ್ಯಾಂಡೇಜ್, ಮುರಿದ ಮೂಳೆಗೆ ಪಟ್ಟಿ ಕಟ್ಟೋದು, ಸ್ಟ್ರೆಚರ್ ಹೊರೋದು, ಆಸ್ಪತ್ರೆ ವಾರ್ಡ್ ಕೆಲಸ. ಟೂರ್ನಿಕೆ, ಅಂದ್ರೆ ರಕ್ತ ನಿಲ್ಲಿಸೋಕೆ ಕೈಕಾಲಿಗೆ ಬಿಗಿಯೋ ಪಟ್ಟಿ, ಕಟ್ಟಿದ್ರೆ ಕಟ್ಟಿದ ಸಮಯ ಬರೆಯಲೇಬೇಕು. ಮುಂದೆ ಇರೋ ಡಾಕ್ಟರ್‌ಗೆ ನಿನ್ನ ಕಟ್ಟಿಗಿಂತ ಆ ಸಮಯ ಮುಖ್ಯ. ಬೆಟಾಲಿಯನ್‌ಗೆ ಹೋದ ಮೇಲೆ ರೆಜಿಮೆಂಟಲ್ ಮೆಡಿಕಲ್ ಆಫೀಸರ್ ಕೈಕೆಳಗೆ ಎಂಐ (ರೋಗಿಗಳನ್ನ ಪರೀಕ್ಷಿಸೋ) ರೂಮ್‌ನಲ್ಲಿ ಕೆಲಸ, ಫೀಲ್ಡ್‌ನಲ್ಲಾದ್ರೆ ರೆಜಿಮೆಂಟಲ್ ಏಡ್ ಪೋಸ್ಟ್‌ನಲ್ಲಿ. ಅಲ್ಲಿಂದ ಗಾಯಾಳು ಅಡ್ವಾನ್ಸ್ಡ್ ಡ್ರೆಸಿಂಗ್ ಸ್ಟೇಷನ್, ಫಾರ್ವರ್ಡ್ ಸರ್ಜಿಕಲ್ ಸೆಂಟರ್ ಹೀಗೆ ಹಿಂದಕ್ಕೆ ಹೋಗ್ತಾನೆ. ಆ ಸರಪಳಿಯ ಮೊದಲ ಕೊಂಡಿ ನೀನು.

ಆದರೆ ತಮ್ಮಾ, ನನ್ನ ಸರ್ವಿಸ್‌ನಲ್ಲಿ ಗುಂಡೇಟಿನ ಗಾಯ ನೋಡಿದ ದಿನಗಳನ್ನ ಬೆರಳಲ್ಲಿ ಎಣಿಸಬಹುದು. ಉಳಿದ ಅಷ್ಟೂ ವರ್ಷ ನಾನು ಮಾಡಿದ್ದು ನೀರು ನೋಡೋದು, ಕಾಲು ನೋಡೋದು, ಸೊಳ್ಳೆ ನೋಡೋದು. ಇದನ್ನ ಯಾರೂ ನಿನಗೆ ಹೇಳಲ್ಲ, ಅದಕ್ಕೇ ಬಿಡಿಸಿ ಹೇಳ್ತೀನಿ.

ನೀರು ಶುದ್ಧ ಮಾಡೋಕೆ ಎಷ್ಟು ಬ್ಲೀಚಿಂಗ್ ಪೌಡರ್ ಬೇಕು ಅಂತ ನೋಡೋಕೆ ಹಾರಾಕ್ಸ್ ಪೆಟ್ಟಿಗೆ ಅಂತ ಇದೆ. ಒಳಗೆ ಆರು ಬಿಳಿ ಬಟ್ಟಲು, ಒಂದು ಕಪ್ಪು ಬಟ್ಟಲು, ಎರಡು ಗ್ರಾಂ ಹಿಡಿಯೋ ಚಮಚ. ಕಪ್ಪು ಬಟ್ಟಲಲ್ಲಿ ಒಂದು ಚಮಚ ಬ್ಲೀಚಿಂಗ್ ಪೌಡರ್ ಕಲಸಿ, ಆ ದ್ರಾವಣವನ್ನ ನೀರು ತುಂಬಿದ ಬಿಳಿ ಬಟ್ಟಲುಗಳಿಗೆ ಒಂದು ಹನಿ, ಎರಡು ಹನಿ, ಮೂರು ಹನಿ ಹೀಗೆ ಏರಿಸ್ತಾ ಹಾಕಬೇಕು. ಅರ್ಧ ಗಂಟೆ ಬಿಟ್ಟು ಸ್ಟಾರ್ಚ್ ಅಯೋಡೈಡ್ ಹನಿ ಹಾಕಿದಾಗ ಯಾವ ಬಟ್ಟಲು ಮೊದಲು ನೀಲಿ ಆಗುತ್ತೋ, ಅಷ್ಟು ಚಮಚ ಪೌಡರ್ 455 ಲೀಟರ್ ನೀರಿಗೆ. ಎರಡನೇ ಬಟ್ಟಲಾದ್ರೆ ನಾಲ್ಕು ಗ್ರಾಂ. ಹೊಳೆ ಬದಲಾದ್ರೆ ಲೆಕ್ಕ ಬದಲಾಗುತ್ತೆ, ಮಳೆ ಬಂದ ಮಾರನೇ ದಿನ ಮತ್ತೆ ಬದಲಾಗುತ್ತೆ. ಇದರಲ್ಲಿ ಎಡವಟ್ಟಾದ್ರೆ ಒಂದು ಕಂಪನಿಗೆ ಕಂಪನಿಯೇ ಭೇದಿಯಿಂದ ಮಲಗುತ್ತೆ, ಒಂದು ಗುಂಡೂ ಹಾರದೆ.

ನಮ್ಮೂರಿಗೂ ಈ ಕಥೆ ಸೇರಿದೆ. ಮಲೇರಿಯಾ ಸೊಳ್ಳೆಯಿಂದ ಹರಡುತ್ತೆ ಅಂತ ತೋರಿಸಿದ ರೊನಾಲ್ಡ್ ರಾಸ್, ಇಂಡಿಯನ್ ಮೆಡಿಕಲ್ ಸರ್ವಿಸ್ ಅಧಿಕಾರಿ. 1895ರಲ್ಲಿ ಅವರನ್ನ ಬೆಂಗಳೂರಿಗೆ ಕಳಿಸಿದ್ದು ಕಾಲರಾ ತಡೆಯೋಕೆ. ಅವರು ಇಲ್ಲಿ ಬಂದು ನೋಡಿದ್ದೂ ಇದೇ ಕೆಲಸ, ನೀರು ಮತ್ತು ಕೊಳಕು.

ಇನ್ನು ಎತ್ತರದ ಜಾಗ. 9,000 ಅಡಿ ದಾಟಿದ್ರೆ ಆರು ದಿನ, 12,000 ದಾಟೋಕೆ ಇನ್ನೂ ನಾಲ್ಕು ದಿನ, 15,000ಕ್ಕೆ ಮತ್ತೆ ನಾಲ್ಕು ದಿನ ಹವೆಗೆ ಹೊಂದಿಕೊಳ್ಳೋಕೆ ಕೊಡ್ತಾರೆ. ಗಟ್ಟಿಮುಟ್ಟಾದ ಹುಡುಗರೇ ಇದನ್ನ ಲೆಕ್ಕಕ್ಕಿಡಲ್ಲ. ಒಂದು ಪೋಸ್ಟ್‌ನಲ್ಲಿ ನಾನು ಪ್ರತಿ ಸಂಜೆ ಎಲ್ಲರ ಹತ್ರ ಕೂತು ಮಾತಾಡ್ತಾ ಉಸಿರು ಎಣಿಸ್ತಿದ್ದೆ, ಅವರಿಗೆ ಗೊತ್ತಾಗದ ಹಾಗೆ. ಒಬ್ಬ ಹುಡುಗ, ಒಳ್ಳೆ ಕಬಡ್ಡಿ ಆಟಗಾರ, "ಸ್ವಲ್ಪ ಕೆಮ್ಮು ಅಷ್ಟೇ" ಅಂದ. ಹಿಂದಿನ ದಿನಕ್ಕಿಂತ ಉಸಿರು ನಿಮಿಷಕ್ಕೆ ಹತ್ತು ಜಾಸ್ತಿ ಇತ್ತು. ಎದೆಗೆ ಕಿವಿಯಿಟ್ಟರೆ ಒಳಗೆ ಗುಳುಗುಳು. ಹೇಪ್, ಅಂದ್ರೆ ಶ್ವಾಸಕೋಶದಲ್ಲಿ ನೀರು. ಆಕ್ಸಿಜನ್ ಹಾಕಿ ಆ ರಾತ್ರಿಯೇ ಕೆಳಗೆ ಇಳಿಸಿದ್ವಿ, ಎಂಟು ಜನ ಸ್ಟ್ರೆಚರ್ ಬದಲಾಯಿಸ್ತಾ. ಇಳಿಸೋದೇ ಅದಕ್ಕೆ ದೊಡ್ಡ ಔಷಧ. ಈಗಲೂ ಪ್ರತಿ ದೀಪಾವಳಿಗೆ ಅವನ ಫೋನ್ ಬರುತ್ತೆ.

ಜಾಲಹಳ್ಳಿ ಏರ್‌ಮನ್

ಹವಲ್ದಾರ್ ಸಾಹೇಬ್ರ, ಕಣ್ಣಾಗ ನೀರು ಬಂತ್ರೀ. ತಮ್ಮಾ, ಬಿಡುವಿದ್ದಾಗ 60 ಪ್ಯಾರಾಶೂಟ್ ಫೀಲ್ಡ್ ಆಂಬುಲೆನ್ಸ್ ಬಗ್ಗೆ ಓದು. 1950ರಾಗ ಕೊರಿಯಾ ಯುದ್ಧಕ್ಕ ಹೋದ ಭಾರತದ ವೈದ್ಯಕೀಯ ತುಕಡಿ ಅದು. ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ಅವರ ಮುಂದಾಳು, ಅವರಿಗೆ ಮಹಾವೀರ ಚಕ್ರ ಬಂತು. ಅದೇ ತುಕಡಿ 2023ರ ಫೆಬ್ರವರಿಯೊಳಗ ಟರ್ಕಿ ಭೂಕಂಪಕ್ಕ ಹೋಗಿ ಇಸ್ಕೆಂದೆರುನ್‌ನ್ಯಾಗ ಆಸ್ಪತ್ರೆ ಹಾಕಿತ್ತು.

ಟ್ರೈನಿ ತಾಯಿ

ನನ್ನ ಮಗ ಈಗ ಲಖನೌದಲ್ಲಿದ್ದಾನೆ. ಹುಡುಗರು ತಮ್ಮ ಕಷ್ಟ ಹೇಳ್ತಾರೆ, ಮನೆಯವರದ್ದು ಯಾರೂ ಬರೆಯಲ್ಲ. ಮೊದಲ ತಿಂಗಳು ಫೋನ್ ಬಂದಿದ್ದು ಎರಡೇ ಸಲ, ಅದೂ ಭಾನುವಾರ, ಹಿಂದೆ ಕ್ಯೂ ನಿಂತಿರೋ ಸದ್ದು ಕೇಳ್ತಿತ್ತು. "ಊಟ ಆಯ್ತಾ" ಅಂತ ಕೇಳೋದರೊಳಗೆ ಟೈಮ್ ಮುಗೀತು. ಕಸಮ್ (ಪ್ರತಿಜ್ಞೆ ತಗೊಳ್ಳೋ) ಪರೇಡ್‌ಗೆ ಹೋದಾಗ ದೂರದಿಂದ ನನ್ನ ಮಗ ಯಾರು ಅಂತಲೇ ಗುರುತು ಸಿಗಲಿಲ್ಲ, ಎಲ್ಲರೂ ಒಂದೇ ಥರ. ಅವನೇ ಬಂದು ಕಾಲಿಗೆ ಬಿದ್ದ. ಕೆಂಗೇರಿ ಮಗನೇ, ಹೊರಡೋ ಮೊದಲು ಅಮ್ಮನಿಗೆ ಒಂದು ವಿಷಯ ಹೇಳು: ಫೋನ್ ಬರಲಿಲ್ಲ ಅಂದ್ರೆ ನೀನು ಚೆನ್ನಾಗಿಲ್ಲ ಅಂತ ಅಲ್ಲ. ನನಗೆ ಯಾರೂ ಹೇಳಿರಲಿಲ್ಲ.

ಕೆಂಗೇರಿ ಹುಡುಗ (ಎಂಟು ತಿಂಗಳ ನಂತರ)

ಸರ್, ಮೇಡಂ, ಅಕ್ಕ, ಅಮ್ಮ, ಎಲ್ಲರಿಗೂ. ಮೆರಿಟ್ ಲಿಸ್ಟ್‌ನಲ್ಲಿ ನನ್ನ ನಂಬರ್ ಬಂತು! ಮೆಡಿಕಲ್‌ನಲ್ಲಿ ಮೊದಲು ಕಿವಿಗೆ ಟೆಂಪರರಿ ಅನ್‌ಫಿಟ್ ಕೊಟ್ರು. ಗುಗ್ಗೆ ತೆಗೆಸಿದ್ದೆ, ಆದ್ರೂ ಒಳಗೆ ಸೋಂಕಿತ್ತು. ಔಷಧಿ ಹಾಕಿ ಮಿಲಿಟರಿ ಆಸ್ಪತ್ರೆಯಲ್ಲಿ ಮರುಪರೀಕ್ಷೆಗೆ ಹೋದೆ, ಫಿಟ್ ಆಯ್ತು. ಆಧಾರ್‌ನಲ್ಲಿ ಅಪ್ಪನ ಹೆಸರು ನಾಡಕಚೇರಿ ಅಣ್ಣ ಹೇಳಿದ ಹಾಗೇ ತಪ್ಪಿತ್ತು, ಆಗಲೇ ಸರಿ ಮಾಡಿಸಿದ್ದೆ. ಅಣ್ಣಾ, ನಿಮ್ಮಿಂದ ನನಗೆ ಅಲ್ಲಿ ಐದೇ ನಿಮಿಷ ಆಯ್ತು.

ಯಶವಂತಪುರದಿಂದ ರೈಲು. ಏನೇನು ತಗೊಂಡು ಹೋಗಲಿ?

ನಾಡಕಚೇರಿ ಅಲೆದವನು

ಓದಿ ಬಹಳ ಖುಷಿ ಆಯ್ತು. ಮೂಲ ದಾಖಲೆಗಳನ್ನ ಬ್ಯಾಗಿಗೆ ಹಾಕಬೇಡ, ಮೈಮೇಲೇ ಇರಲಿ.

ವಿದ್ಯಾರಣ್ಯಪುರ ಹವಲ್ದಾರ್

ಶಹಬ್ಬಾಸ್ ತಮ್ಮಾ. ಕಡಿಮೆ ಸಾಮಾನು. ಕಪ್ಪು ಟ್ರಂಕ್ ಅಲ್ಲೇ ಸಿಗುತ್ತೆ. ಗಟ್ಟಿ ಬೀಗ ಎರಡು, ಸೂಜಿ ದಾರ, ಬಿಳಿ ಬನಿಯನ್, ಕಾಲಿಗೆ ಹಾಕೋ ಪೌಡರ್. ಚಳಿಗಾಲಕ್ಕೆ ಹೋಗ್ತಿದ್ದೀಯ, ಲಖನೌ ಚಳಿ ಬೆಂಗಳೂರಿನವರಿಗೆ ಗೊತ್ತಿಲ್ಲದ್ದು, ಅಮ್ಮ ಸ್ವೆಟರ್ ಕೊಟ್ರೆ ಬೇಡ ಅನ್ನಬೇಡ. ರಾತ್ರಿ ಮಲಗೋ ಮೊದಲು ಕಾಲು ತೊಳೆದು, ಬೆರಳ ಸಂದಿ ಒರೆಸಿ, ಬೆಳಕಲ್ಲಿ ನೋಡ್ಕೋ. ಬೊಬ್ಬೆ ಎದ್ದಿದ್ರೆ ಮುಚ್ಚಿಡದೆ ಬೆಳಗ್ಗೆ ಸಿಕ್ ರಿಪೋರ್ಟ್ ಮಾಡು. ನಾಳೆ ನೂರು ಜನರ ಕಾಲು ನೋಡಬೇಕಾದವನು ನೀನು.

ಕೆಂಗೇರಿ ಹುಡುಗ (ಮತ್ತೆ ಏಳು ತಿಂಗಳ ನಂತರ)

ಭಾನುವಾರ, ಫೋನ್ ಕೊಟ್ಟಿದ್ದಾರೆ, ಬೇಗ ಬರೀತೀನಿ. ಕಸಮ್ ತಗೊಂಡ್ವಿ, ಅಪ್ಪ ಅಮ್ಮ ಇಬ್ಬರೂ ಬಂದಿದ್ರು. ಅಪ್ಪ ಮೊದಲ ಸಲ ಮೂರು ದಿನ ಆಟೋ ನಿಲ್ಲಿಸಿದ್ದು. ಹಿಂದಿ ಬರ್ತಿದೆ. ಟೆಕ್ನಿಕಲ್ ಶುರುವಾಗಿದೆ. ಹವಲ್ದಾರ್ ಸರ್, ಮೊನ್ನೆ ನಮ್ಮ ಮುಂದೆ ಹಾರಾಕ್ಸ್ ಪೆಟ್ಟಿಗೆ ಇಟ್ರು. ಉಸ್ತಾದ್ ಹೇಳೋ ಮೊದಲೇ ಕಪ್ಪು ಬಟ್ಟಲು ನಾನೇ ಎತ್ತಿಕೊಂಡೆ. "ಕಹಾಂ ಸೇ ಸೀಖಾ", ಎಲ್ಲಿ ಕಲಿತೆ ಅಂತ ಕೇಳಿದ್ರು, ನಿಮ್ಮ ಬಗ್ಗೆ ಹೇಳಿದೆ. ಮೂರನೇ ಬಟ್ಟಲು ನೀಲಿ ಆಯ್ತು ಸರ್. ಆರು ಗ್ರಾಂ.